ಬೇಲಿಗೆಂದು ತಂದ ಹೂವು ಗೋಮಾಳ ನುಂಗಿದ ಕಥೆ

ಹಾನುಬಾಳಿನಿಂದ ಯಾವ ದಿಕ್ಕಿಗೆ ಹೊರಟರೂ ಈ ಗಿಡ ಕಣ್ಣಿಗೆ ಬೀಳದ ದಾರಿಯಿಲ್ಲ. ಸಕಲೇಶಪುರದ ರಸ್ತೆ ಆಗಲಿ, ಮೂಡಿಗೆರೆ ರಸ್ತೆ ಆಗಲಿ, ತೋಟದ ತಂತಿ ಬೇಲಿ ಮುಗಿದು ಸರ್ಕಾರಿ ಜಾಗ ಶುರುವಾಯಿತು ಎಂದರೆ ಅಲ್ಲಿ ಲಂಟಾನ ಮೆಳೆ ಎದ್ದಿರುತ್ತದೆ. ಹಳದಿ, ಕಿತ್ತಳೆ, ಗುಲಾಬಿ ಬಣ್ಣದ ಪುಟ್ಟ ಹೂಗೊಂಚಲು. ಎಲೆ ಉಜ್ಜಿದರೆ ಮೂಗಿಗೆ ಹೊಡೆಯುವ ವಾಸನೆ. ಮೈಕೈಗೆ ತರಚುವ ಮುಳ್ಳು.

ಇದರ ಹೆಸರನ್ನೇ ಒಮ್ಮೆ ಯೋಚಿಸಿ ನೋಡಿ. ಮತ್ತಿ, ನಂದಿ, ಹೊನ್ನೆ, ನೇರಳೆ ಎಂದು ನಮ್ಮ ಕಾಡಿನ ಮರಗಳಿಗೆಲ್ಲ ಕನ್ನಡದ ಹೆಸರಿದೆ. ಕಾಲಿಗೆ ತೊಡರುವ ಪುಟ್ಟ ಗಿಡಕ್ಕೂ ಹೆಸರಿದೆ. ಆದರೆ ಎಲ್ಲಕ್ಕಿಂತ ಹೆಚ್ಚು ಕಾಣುವ ಈ ಗಿಡವನ್ನು ನಾವು ಕರೆಯುವುದು ಲಂಟಾನ ಎಂದು. ಅದು ಲ್ಯಾಟಿನ್ ಹೆಸರು. ಬೇರೆ ಕಡೆ ಚದುರಂಗಿ ಎನ್ನುವವರಿದ್ದಾರೆ, ವಾಸನೆಗೆ ಮೂಗು ಮುಚ್ಚಿಕೊಂಡು ಬೇರೆ ಹೆಸರಿಟ್ಟವರೂ ಇದ್ದಾರೆ. ನಮ್ಮ ಕಡೆ ಮಾತ್ರ ಹೊರಗಿನ ಹೆಸರೇ ನಿಂತುಬಿಟ್ಟಿತು. ಹೆಸರು ಹೊರಗಿನದು, ಏಕೆಂದರೆ ಗಿಡವೂ ಹೊರಗಿನದು. ನಮ್ಮ ಮುತ್ತಜ್ಜನ ಮುತ್ತಜ್ಜ ಈ ಗುಡ್ಡದಲ್ಲಿ ದನ ಕಾಯುವಾಗ ಇದು ಇರಲಿಲ್ಲ.

ಹೊರಗಿನಿಂದ ಬಂದ ಕಳೆ ಬೇಕಾದಷ್ಟಿವೆ. ಕಾಂಗ್ರೆಸ್ ಹುಲ್ಲನ್ನೇ ನೋಡಿ (ಹುಲ್ಲು ಅನ್ನುತ್ತೇವೆ, ಅದು ಹುಲ್ಲಿನ ಜಾತಿಯೇ ಅಲ್ಲ). 1950ರ ದಶಕದಲ್ಲಿ ಪುಣೆಯಲ್ಲಿ ಮೊದಲು ಜನರ ಗಮನಕ್ಕೆ ಬಂತು. ಆಮದು ಕಾಳಿನ ಜೊತೆ ಬೀಜ ಬಂದಿರಬೇಕು ಎನ್ನುತ್ತಾರೆ. ಅದನ್ನು ಯಾರೂ ಕರೆದಿರಲಿಲ್ಲ. ಲಂಟಾನ ಹಾಗಲ್ಲ. ಚೆಂದ ಇದೆ ಎಂದು ಹಡಗಿನಲ್ಲಿ ತಂದು, ಕುಂಡದಲ್ಲಿಟ್ಟು, ನೀರು ಹಾಕಿ ಬೆಳೆಸಿದ ಗಿಡ ಇದು.

ಇದರ ತವರು ಅಮೆರಿಕ ಖಂಡದ ಬಿಸಿ ಸೀಮೆ. 17ನೇ ಶತಮಾನದಲ್ಲಿ ಡಚ್ಚರು ಬ್ರೆಜಿಲ್ ಕಡೆಯಿಂದ ಇದನ್ನು ತಮ್ಮ ದೇಶಕ್ಕೆ ಒಯ್ದರು. ಅಲ್ಲಿನ ಚಳಿಗೆ ಹೊರಗೆ ಬದುಕದು. ಹಾಗಾಗಿ ಗಾಜಿನ ಮನೆಯೊಳಗೆ ಇಟ್ಟು ಸಾಕಿದರು. ಆಮೇಲಿನ ಇನ್ನೂರು ವರ್ಷ ಯುರೋಪಿನ ತೋಟಗಾರರು ಒಂದು ಬಗೆಯನ್ನು ಇನ್ನೊಂದಕ್ಕೆ ಕೂಡಿಸಿ ಹೊಸ ಹೊಸ ಬಣ್ಣ ತೆಗೆದರು. ಇವತ್ತು ಜಗತ್ತಿನಲ್ಲಿ ಸುಮಾರು 650 ತಳಿಗಳಿವೆ ಎಂದು ಲೆಕ್ಕ. ಈ ಕೂಡಿಸುವ ಆಟ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಭಾರತಕ್ಕೆ ಇದು ಬಂದದ್ದು 1807ರಿಂದ 1809ರ ಹೊತ್ತಿಗೆ, ಕಲ್ಕತ್ತಾದ ಈಸ್ಟ್ ಇಂಡಿಯಾ ಕಂಪನಿಯ ಸಸ್ಯೋದ್ಯಾನಕ್ಕೆ. ಆಗ ಅದರ ಉಸ್ತುವಾರಿ ವಿಲಿಯಂ ರಾಕ್ಸ್‌ಬರ್ಗ್ ಅವರದು. ಉದ್ದೇಶ ಎರಡೇ: ನೋಡಲು ಅಂದ, ಬೇಲಿಗೆ ಅನುಕೂಲ. ದನ ತಿನ್ನುವುದಿಲ್ಲ, ಮುಳ್ಳಿದೆ, ವರ್ಷವಿಡೀ ಹೂ ಬಿಡುತ್ತದೆ, ಕಡಿದರೆ ದಟ್ಟವಾಗಿ ಚಿಗುರುತ್ತದೆ. ಬಂಗಲೆ ಸುತ್ತ ನೆಡಲು ಇನ್ನೇನು ಬೇಕು? ಒಳ್ಳೆಯ ಬೇಲಿ ಗಿಡ ಎಂದು ಹೊಗಳಿಸಿಕೊಂಡ ಗುಣಗಳೇ ಮುಂದೆ ಅದನ್ನು ಕೆಟ್ಟ ಕಳೆ ಮಾಡಿದವು.

ಇಲ್ಲಿ ಒಂದು ಸ್ವಾರಸ್ಯ ಇದೆ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕನನ್ ಎಂಬ ವೈದ್ಯ ಮೈಸೂರು ಸೀಮೆಯನ್ನೆಲ್ಲ ಸುತ್ತಿ ಬೆಳೆ, ಮರ, ದನ, ಜಾತಿ, ತೆರಿಗೆ ಎಲ್ಲವನ್ನೂ ಬರೆದುಕೊಂಡರು. ಇಂದಿಗೂ ಆ ಕಾಲದ ಹಳ್ಳಿಗಳ ಬಗ್ಗೆ ತಿಳಿಯಲು ಅದೇ ದೊಡ್ಡ ಆಧಾರ. ಅವರು ನೋಡಿದ ಮೈಸೂರು ಲಂಟಾನ ಬರುವುದಕ್ಕೆ ಮುಂಚಿನ ಮೈಸೂರು. ಅದೇ ಬುಕನನ್ 1814ರಲ್ಲಿ ರಾಕ್ಸ್‌ಬರ್ಗ್ ನಂತರ ಕಲ್ಕತ್ತಾ ತೋಟದ ಉಸ್ತುವಾರಿ ವಹಿಸಿಕೊಂಡರು. ಇದಿಲ್ಲದ ನಾಡನ್ನು ಬರೆದಿಟ್ಟವರ ಕೈಗೇ ಈ ಗಿಡವೂ ಬಂತು.

ಕಲ್ಕತ್ತಾದಿಂದ ನಮ್ಮ ಗುಡ್ಡಕ್ಕೆ ಬರಲು ಅದಕ್ಕೆ ಎರಡು ವಾಹನ ಸಿಕ್ಕಿತು. ಒಂದು ಮನುಷ್ಯ. ಒಂದು ಊರಿನ ಸಸ್ಯೋದ್ಯಾನ ಇನ್ನೊಂದಕ್ಕೆ ಗಿಡ ಕಳಿಸುವುದು, ಸಾಹೇಬರು ಒಂದು ಕಂಟೋನ್ಮೆಂಟಿನಿಂದ ಇನ್ನೊಂದಕ್ಕೆ ಹೋಗುವಾಗ ಸಸಿ ಒಯ್ಯುವುದು ಆಗಿನ ವಾಡಿಕೆ. ಇನ್ನೊಂದು ಹಕ್ಕಿ. ಲಂಟಾನದ ಕಪ್ಪು ಹಣ್ಣು ಎಂದರೆ ಪಿಕಳಾರಕ್ಕೆ, ಗೊರವಂಕಕ್ಕೆ ಬಹಳ ಇಷ್ಟ. ಒಂದು ಗಿಡ ವರ್ಷಕ್ಕೆ ಸಾವಿರಾರು ಬೀಜ ಕೊಡುತ್ತದೆ. ಹಕ್ಕಿ ತಿಂದು ಮರದ ಮೇಲೆ, ಬೇಲಿ ಕಂಬದ ಮೇಲೆ ಕೂತು ಹಿಕ್ಕೆ ಹಾಕಿದರೆ ಮುಂದಿನ ಮಳೆಗೆ ಅಲ್ಲೊಂದು ಸಸಿ. ನಿಮ್ಮ ತೋಟದಲ್ಲೇ ನೋಡಿ, ಒಂಟಿ ಮರದ ಬುಡದಲ್ಲೇ ಮೊದಲ ಮೆಳೆ ಏಳುತ್ತದೆ.

ನಮ್ಮ ಸಕಲೇಶಪುರ ತಾಲ್ಲೂಕನ್ನು ಆಗ ಮಂಜರಾಬಾದ್ ಎನ್ನುತ್ತಿದ್ದರು. ಇಲ್ಲಿ ಯುರೋಪಿಯನ್ನರ ಕಾಫಿ ತೋಟ ಶುರುವಾದದ್ದು 1843ರ ಸುಮಾರಿಗೆ, ಗ್ರೀನ್ ಎಂಬ ಸಾಹೇಬರಿಂದ. 1856ರಲ್ಲಿ ಬಂದ ರಾಬರ್ಟ್ ಎಲಿಯಟ್ ಇಲ್ಲೇ ತೋಟ ಮಾಡಿ, ಅದರ ಬಗ್ಗೆ ಪುಸ್ತಕಗಳನ್ನೂ ಬರೆದರು. ಕಾಡು ಕಡಿದು, ಬೆಳಕು ಒಳಗೆ ಬಿಟ್ಟು, ಗಡಿಗೆ ಬೇಲಿ ಹಾಕುವ ಕೆಲಸ ಗುಡ್ಡದ ಮೇಲೆ ಗುಡ್ಡಕ್ಕೆ ನಡೆಯಿತು. ದಟ್ಟ ಕಾಡಿನ ನೆರಳಲ್ಲಿ ಲಂಟಾನ ಸೊರಗುತ್ತದೆ. ಅದಕ್ಕೆ ಬೇಕಾದದ್ದು ಕಾಡಿನ ಅಂಚು, ಕಡಿದ ಜಾಗ, ರಸ್ತೆ ಬದಿ. ಅವೆಲ್ಲ ಆಗ ಧಾರಾಳವಾಗಿ ಸಿಕ್ಕವು.

ಅತಿ ಹೆಚ್ಚು ಜಾಗ ಸಿಕ್ಕಿದ್ದು ಪಕ್ಕದ ಕೊಡಗಿನಲ್ಲಿ. ಯಸಳೂರಿನಿಂದ ಮುಂದೆ ಕೊಡ್ಲಿಪೇಟೆ ಬಂತೆಂದರೆ ಕೊಡಗು, ನಮಗೆ ದೂರವಲ್ಲ. 1860ರ ದಶಕದಲ್ಲಿ ಕಾಂಡ ಕೊರಕ ಹುಳು, ನಂತರ ಎಲೆ ತುಕ್ಕು ರೋಗ ಬಂದು ಕಾಫಿ ನೆಲ ಕಚ್ಚಿತು. ಮಳೆ ಕಡಿಮೆ ಇರುವ ಪೂರ್ವದ ಬಿದಿರು ಸೀಮೆಯಲ್ಲಿ ತೋಟಗಾರರು ತೋಟವನ್ನೇ ಬಿಟ್ಟು ಹೋದರು. ಬಿಟ್ಟ ತೋಟಕ್ಕೆ ಬೇಲಿಯ ಲಂಟಾನ ಒಳನುಗ್ಗಿತು. ಸವೆದ ಮಣ್ಣಿಗೆ ಇದು ಒಳ್ಳೆಯ ಹೊದಿಕೆ, ಎಲೆ ಬಿದ್ದು ಗೊಬ್ಬರ ಆಗುತ್ತದೆ ಎಂದು ಸಮಾಧಾನ ಮಾಡಿಕೊಂಡವರೂ ಇದ್ದರು. ಆ ಮಾತು ಪೂರ್ತಿ ಸುಳ್ಳಲ್ಲ. ಆದರೆ ಅದು ಹೊದ್ದ ಜಾಗವನ್ನು ಮತ್ತೆ ಬಿಟ್ಟುಕೊಡುವುದಿಲ್ಲ ಎನ್ನುವುದು ಅವರ ಲೆಕ್ಕದಲ್ಲಿ ಇರಲಿಲ್ಲ.

ಕೊನೆಗೆ ಸರ್ಕಾರಕ್ಕೇ ತಡೆಯಲಾಗಲಿಲ್ಲ. 1914ರಲ್ಲಿ ಕೊಡಗಿನಲ್ಲಿ ಹಾನಿಕಾರಕ ಕಳೆಗಳ ನಿಯಂತ್ರಣಕ್ಕೆಂದೇ ಒಂದು ಕಾನೂನು ಬಂತು. ಲೆಕ್ಕ ಹಾಕಿ: ಕುಂಡದಲ್ಲಿ ಬಂದು ನೂರು ವರ್ಷ ಕಳೆದ ಮೇಲೆ ಕಾನೂನು. ಕಾನೂನು ಬಂದೂ ಈಗ ನೂರು ವರ್ಷ ದಾಟಿತು. ಕೊಡಗಿನಲ್ಲಿ ಲಂಟಾನ ಇದ್ದೇ ಇದೆ.

ಕತ್ತಿ, ಗುದ್ದಲಿಯಿಂದ ಆಗದು ಎಂದಾಗ ಕೀಟಗಳ ಮೊರೆ ಹೋದರು. ಇದರ ತವರಿನಲ್ಲಿ ಇದನ್ನು ತಿನ್ನುವ ಹುಳುಗಳಿವೆ, ಇಲ್ಲಿ ಇಲ್ಲ, ಹಾಗಾಗಿ ಹೆಚ್ಚಿದೆ ಎಂಬುದು ವಾದ. ಹವಾಯಿ ದ್ವೀಪದವರು 1902ರಲ್ಲೇ ಮೆಕ್ಸಿಕೋದಿಂದ ಹುಳುಗಳನ್ನು ತರಿಸಿ ಬಿಟ್ಟಿದ್ದರು. ನಮ್ಮಲ್ಲಿ ವೈ. ರಾಮಚಂದ್ರ ರಾವ್ ಎಂಬ ಕೀಟತಜ್ಞರು ಭಾರತ, ಬರ್ಮಾ ಸುತ್ತಿ, ಇಲ್ಲೇ ಇರುವ ಹುಳುಗಳಲ್ಲಿ ಲಂಟಾನವನ್ನು ತಿನ್ನುವವು ಯಾವುವು ಎಂದು ಹುಡುಕಿದರು. 1920ರಲ್ಲಿ ಅಚ್ಚಾದ ಅವರ ವರದಿಯಲ್ಲಿ 148 ಕೀಟಗಳ ಪಟ್ಟಿ ಇದೆ. ಅಷ್ಟು ಹುಳು ತಿಂದರೂ ಗಿಡಕ್ಕೆ ಏನೂ ಆಗುತ್ತಿರಲಿಲ್ಲ. ಅದರ ಮರುವರ್ಷ ಹವಾಯಿಯಿಂದ ಕಾಯಿ ಕೊರೆಯುವ ಒಂದು ನೊಣವನ್ನು ತರಿಸಿದರು. ನೊಣ ಬದುಕಿತು, ಲಂಟಾನವೂ ಬದುಕಿತು.

1941ರಲ್ಲಿ ಎಲೆಯ ರಸ ಹೀರುವ ಒಂದು ತಿಗಣೆ ಜಾತಿಯನ್ನು ಆಸ್ಟ್ರೇಲಿಯದಿಂದ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಗೆ ತಂದರು. ಹೊರಗೆ ಬಿಡುವ ಮೊದಲು ಪರೀಕ್ಷೆ ಮಾಡಿದಾಗ ಅದು ತೇಗದ ಹೂವಿನ ಮೇಲೂ ಬದುಕುವುದು ಕಂಡಿತು. ಲಂಟಾನ ಹೋಗಲಿ ಎಂದು ತೇಗ ಕಳೆದುಕೊಳ್ಳಲು ಯಾರು ಒಪ್ಪುತ್ತಾರೆ? ಸಾಕಿದ ಹುಳುಗಳನ್ನೆಲ್ಲ ನಾಶ ಮಾಡಿದರು. ಆದರೂ ಕೆಲವು ವರ್ಷಗಳ ನಂತರ ಅದು ಹೊರಗೆ ಕಾಣಿಸಿಕೊಂಡಿತು. ಈಗ ದೇಶದ ಹಲವು ಕಡೆ ಲಂಟಾನದ ಎಲೆ ಬಿಳಿಚುವುದು ಅದರಿಂದಲೇ. ಬೇಸಿಗೆಯಲ್ಲಿ ಎಲೆ ಉದುರುತ್ತದೆ, ಮಳೆಗೆ ಮತ್ತೆ ಚಿಗುರುತ್ತದೆ.

ಹುಳುಗಳು ಸೋತದ್ದು ಏಕೆ? ಹಿಂದೆ ಹೇಳಿದ ತೋಟಗಾರರ ಆಟ ಇಲ್ಲಿ ಬರುತ್ತದೆ. ನಮ್ಮ ಗುಡ್ಡದಲ್ಲಿರುವುದು ಅಮೆರಿಕದ ಕಾಡಿನ ಮೂಲ ಗಿಡವಲ್ಲ, ಯುರೋಪಿನ ಗಾಜಿನ ಮನೆಯಲ್ಲಿ ನಾಲ್ಕಾರು ಜಾತಿ ಬೆರೆತು ಹುಟ್ಟಿದ ಮಿಶ್ರತಳಿ. ತವರಿನ ಹುಳುವಿಗೆ ಇದರ ಗುರುತು ಸರಿಯಾಗಿ ಹತ್ತುವುದಿಲ್ಲ. ಒಂದು ಬಣ್ಣದ್ದನ್ನು ತಿಂದರೆ ಇನ್ನೊಂದನ್ನು ಬಿಡುತ್ತದೆ. ಅಂದಕ್ಕಾಗಿ ಮಾಡಿದ ಕೆಲಸ ಗಿಡಕ್ಕೆ ಕವಚವೂ ಆಯಿತು.

ಇನ್ನು ಬೆಂಕಿಯ ವಿಷಯ. ಇದರ ಬಗ್ಗೆ ನಮ್ಮ ರಾಜ್ಯದಲ್ಲೇ ಒಳ್ಳೆಯ ಅಧ್ಯಯನ ಆಗಿದೆ, ಚಾಮರಾಜನಗರದ ಬಿಳಿಗಿರಿರಂಗನ ಬೆಟ್ಟದಲ್ಲಿ. ಅಲ್ಲಿನ ಸೋಲಿಗರು ಮೊದಲು ವರ್ಷದ ಆರಂಭದಲ್ಲೇ, ಕಾಡು ಪೂರ್ತಿ ಒಣಗುವ ಮೊದಲು, ನೆಲದ ತರಗೆಲೆಗೆ ಸಣ್ಣಗೆ ಬೆಂಕಿ ಇಡುತ್ತಿದ್ದರು. ತರಗು ಬೆಂಕಿ ಎಂದು ಅದರ ಹೆಸರು. ಮೊಣಕಾಲೆತ್ತರದ ಬೆಂಕಿ, ದೊಡ್ಡ ಮರಕ್ಕೆ ತಾಗದು, ಎಳೆಯ ಲಂಟಾನ ಸುಟ್ಟು ಹೋಗುತ್ತಿತ್ತು, ಮಳೆಗೆ ಹುಲ್ಲು ಬರುತ್ತಿತ್ತು. 1974ರಲ್ಲಿ ಅದು ಅಭಯಾರಣ್ಯವಾಯಿತು, ಬೆಂಕಿ ನಿಷೇಧವಾಯಿತು. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು 1997ರಲ್ಲಿ ನೋಡಿದ ಜಾಗಗಳನ್ನೇ 2008ರಲ್ಲಿ ಮತ್ತೆ ನೋಡಿದರು. ಮೊದಲು ಸುಮಾರು ಶೇ. 41 ಜಾಗಗಳಲ್ಲಿ ಇದ್ದ ಲಂಟಾನ ಶೇ. 81 ಜಾಗಗಳಿಗೆ ಹಬ್ಬಿತ್ತು. ತರಗು ಬೆಂಕಿ ನಿಂತದ್ದರಿಂದಲೇ ಇದು ಏರಿತು ಎಂಬುದು ಸೋಲಿಗರ ವಾದ.

ಈಗ ಬೆಂಕಿ ಇಟ್ಟರಾಯಿತಲ್ಲ ಎಂದು ಯಾರೂ ಹೊರಡಬೇಡಿ. ಮೆಳೆ ಆಳೆತ್ತರ ಬೆಳೆದ ಮೇಲೆ ಬೆಂಕಿ ಮೊಣಕಾಲೆತ್ತರದಲ್ಲಿ ನಿಲ್ಲುವುದಿಲ್ಲ. ಒಣಗಿದ ಲಂಟಾನ ಏಣಿಯ ಹಾಗೆ ಬೆಂಕಿಯನ್ನು ಮರದ ತಲೆಗೆ ಹತ್ತಿಸುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಕಾಡು ಉರಿದಾಗ ಒಣ ಲಂಟಾನದ ಪಾಲೂ ಅದರಲ್ಲಿತ್ತು. ಅದು ಅಲ್ಲದೆ ಸುಟ್ಟ ಮೇಲೆ ಬೇರಿನಿಂದ ಮೊದಲು ಚಿಗುರುವುದೂ ಲಂಟಾನವೇ. ತರಗು ಬೆಂಕಿ ಮೆಳೆ ಏಳುವ ಮುಂಚಿನ ಉಪಾಯ. ಕಾಡಿಗೆ ಬೆಂಕಿ ಇಡುವುದು ಈಗ ಅಪರಾಧವೂ ಹೌದು.

ದೇಶದ ಒಟ್ಟು ಲೆಕ್ಕ ಬೇಕೆಂದರೆ, ಭಾರತೀಯ ವನ್ಯಜೀವಿ ಸಂಸ್ಥೆಯ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಹುಲಿ ಇರುವ ಕಾಡುಗಳಲ್ಲಿ ಶೇ. 40ಕ್ಕೂ ಹೆಚ್ಚು ಭಾಗಕ್ಕೆ, ಅಂದರೆ ಸುಮಾರು 1,54,000 ಚದರ ಕಿಲೋಮೀಟರಿಗೆ, ಲಂಟಾನ ನುಗ್ಗಿದೆ ಎಂದು ಅದು ಹೇಳುತ್ತದೆ. ನಮ್ಮ ಇಡೀ ಕರ್ನಾಟಕದ ವಿಸ್ತೀರ್ಣ ಸುಮಾರು 1,92,000 ಚದರ ಕಿಲೋಮೀಟರ್.

ಆದರೆ ಹುಲಿ ಕಾಡಿನ ಲೆಕ್ಕದಲ್ಲಿ ನಮ್ಮ ಊರಿನ ನಷ್ಟ ಕಾಣುವುದಿಲ್ಲ. ನಮ್ಮದು ಹುಲ್ಲಿನ ನಷ್ಟ. ಪಾಂಡವರ ಗುಡ್ಡದಂಥ ಎತ್ತರದ ಬೋಳು ಗುಡ್ಡಗಳ ನೆತ್ತಿಯಲ್ಲಿ ಇನ್ನೂ ಹುಲ್ಲಿದೆ. ಕೆಳಗಿನ ಗೋಮಾಳಗಳಲ್ಲಿ ಒತ್ತುವರಿ ಆಗಿ ಉಳಿದದ್ದರಲ್ಲಿ ಲಂಟಾನ ಕೂತಿದೆ. ಅದರ ಬುಡದಲ್ಲಿ ಬೇರೆ ಸಸಿ ಏಳುವುದು ಕಷ್ಟ, ಏಕೆಂದರೆ ನೆರಳಿನ ಜೊತೆಗೆ ಅದರ ಎಲೆ, ಬೇರಿನಿಂದ ಇಳಿಯುವ ರಸವೂ ಬೇರೆ ಬೀಜಗಳನ್ನು ಅದುಮುತ್ತದೆ. ಪಹಣಿಯಲ್ಲಿ ಗೋಮಾಳ ಎಂದು ಇರುವ ಜಾಗದಲ್ಲಿ ಹಸು ಕಾಲಿಡಲು ದಾರಿಯಿಲ್ಲ. ದನ ಮಾರಿದವರನ್ನು ಕೇಳಿದರೆ ಕೂಲಿ ಸಿಗುವುದಿಲ್ಲ, ಹಿಂಡಿ ದುಬಾರಿ ಎನ್ನುತ್ತಾರೆ. ಮೇಯಿಸಲು ಜಾಗ ಇಲ್ಲ ಎನ್ನುವುದೂ ಆ ಮಾತಿನ ಒಳಗೇ ಇದೆ.

ಹಸಿದ ದನ, ಅದರಲ್ಲೂ ಹೊರಗಿನಿಂದ ಹೊಸದಾಗಿ ತಂದದ್ದು, ಬೇಸಿಗೆಯಲ್ಲಿ ಲಂಟಾನದ ಎಲೆ ತಿನ್ನುವುದುಂಟು. ಅದರ ವಿಷ ನೇರ ಪಿತ್ತಜನಕಾಂಗಕ್ಕೆ ಹೋಗುತ್ತದೆ. ಮೇವು ಬಿಡುತ್ತದೆ, ಸಗಣಿ ಗಟ್ಟಿಯಾಗುತ್ತದೆ, ಕಣ್ಣು ಹಳದಿಯಾಗುತ್ತದೆ, ಬಿಸಿಲಿಗೆ ನಿಂತರೆ ಮೂತಿ, ಕಿವಿಯ ಚರ್ಮ ಸುಟ್ಟಂತೆ ಏಳುತ್ತದೆ. ಇಂಥದ್ದು ಕಂಡರೆ ದನವನ್ನು ನೆರಳಿಗೆ ಕಟ್ಟಿ, ಅದೇ ದಿನ ಪಶುವೈದ್ಯರನ್ನು ಕರೆಸಿ. ಕಾಮಾಲೆಗೆ ಮನೆಮದ್ದು ಎಂದು ದಿನ ಕಳೆದರೆ ದನ ಉಳಿಯುವುದಿಲ್ಲ.

ಆನೆಯ ಮಾತು ಎತ್ತದೆ ನಮ್ಮ ಕಡೆ ಯಾವ ಲೇಖನವೂ ಮುಗಿಯುವುದಿಲ್ಲ. ಹೈಕೋರ್ಟ್ ಆದೇಶದಂತೆ ರಚನೆಯಾದ, ಪ್ರೊ. ರಾಮನ್ ಸುಕುಮಾರ್ ಅಧ್ಯಕ್ಷತೆಯ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟು, ಆಲೂರು-ಸಕಲೇಶಪುರ ಭಾಗದ ಆನೆಗಳನ್ನು ಹಿಡಿದು ಸಾಗಿಸಬೇಕು ಎಂದಿತು. ಮುಂದಿನ ಎರಡು ವರ್ಷದೊಳಗೆ ಇಪ್ಪತ್ತಕ್ಕೂ ಹೆಚ್ಚು ಆನೆ ಹಿಡಿದರು. ಆನೆ ಮತ್ತೆ ಬಂದದ್ದು ನಿಮಗೇ ಗೊತ್ತು. ಇದಕ್ಕೆಲ್ಲ ಲಂಟಾನವೇ ಕಾರಣ ಎಂದು ನಾವು ಹೇಳುವುದಿಲ್ಲ. ಹೇಮಾವತಿ ಜಲಾಶಯದ ಹಿನ್ನೀರು, ತುಂಡಾದ ಕಾಡು, ತೋಟದೊಳಗಿನ ನೀರು, ಬಾಳೆ, ಹಲಸು, ಹೀಗೆ ಕಾರಣ ಬೇಕಾದಷ್ಟಿವೆ. ಆದರೆ ಬೆಳಿಗ್ಗೆ ಆರಕ್ಕೆ ಕೆಲಸಕ್ಕೆ ನಡೆದು ಹೋಗುವ ಹೆಂಗಸರಿಗೆ, ಶಾಲೆಗೆ ಹೋಗುವ ಮಕ್ಕಳಿಗೆ ತಿರುವಿನಲ್ಲಿ ನಿಂತ ಆನೆ ಕಾಣದ ಹಾಗೆ ಮಾಡುವುದು ರಸ್ತೆ ಬದಿಯ ಈ ಮೆಳೆ. ಹತ್ತು ಮಾರು ದೂರ ಕಂಡರೂ ಓಡಬಹುದು. ಅಷ್ಟೂ ಕಾಣುವುದಿಲ್ಲ. ಆನೆ ಓಡಾಡುವ ದಾರಿಯ ಎರಡೂ ಬದಿ ಲಂಟಾನ ತೆಗೆಸುವುದನ್ನು ಪಂಚಾಯಿತಿಗಳು ಉದ್ಯೋಗ ಖಾತರಿಯ ಕೆಲಸಗಳ ಪಟ್ಟಿಗೆ ಸೇರಿಸಲಿ ಎಂದು ಗ್ರಾಮಸಭೆಯಲ್ಲಿ ಕೇಳಬಹುದು, ಕೇಳಬೇಕು ಎಂಬುದು ನಮ್ಮ ಅಭಿಪ್ರಾಯ.

ತೆಗೆಯುವುದಕ್ಕೂ ಒಂದು ಕ್ರಮ ಇದೆ. ನಾವು ಸಾಮಾನ್ಯವಾಗಿ ಮಾಡುವುದು ಕತ್ತಿಯಿಂದ ಮೊಣಕಾಲೆತ್ತರಕ್ಕೆ ಸವರುವುದು. ಅದು ಬೇಲಿಗೆ ಕತ್ತರಿ ಹಾಕಿದ ಹಾಗೆ, ಮಳೆ ಬಿದ್ದರೆ ಒಂದಕ್ಕೆ ಹತ್ತು ಚಿಗುರು. ಜೆಸಿಬಿ ತಂದು ಎಳೆಸಿದರೆ ಮಣ್ಣು ಬುಡಮೇಲಾಗಿ ಒಳಗಿದ್ದ ಬೀಜಕ್ಕೆಲ್ಲ ಬೆಳಕು ಸಿಗುತ್ತದೆ. ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ.ಆರ್. ಬಾಬು ಮತ್ತು ಅವರ ತಂಡ ಹೇಳಿಕೊಟ್ಟ ಬಗೆ ಸರಳ. ಗುದ್ದಲಿಯಿಂದ ಬುಡ ಬಿಡಿಸಿ, ಕಾಂಡ ಬೇರಾಗುವ ಜಾಗದ ಕೆಳಗೆ, ಅಂದರೆ ಮಣ್ಣಿನೊಳಗೆ ಮೂರರಿಂದ ಐದು ಸೆಂಟಿಮೀಟರ್ ಆಳದಲ್ಲಿ, ತಾಯಿಬೇರನ್ನು ಕಡಿಯಬೇಕು. ಮತ್ತೆ ಚಿಗುರುವ ಶಕ್ತಿ ಇರುವುದು ಆ ಸಂದಿನಲ್ಲೇ. ಆಮೇಲೆ ಇಡೀ ಪೊದೆಯನ್ನು ಎತ್ತಿ ತಲೆಕೆಳಗಾಗಿ ಇಡಬೇಕು, ಬೇರು ಮಣ್ಣಿಗೆ ತಾಗದೆ ಒಣಗಲಿ ಎಂದು. ಹಣ್ಣು ಬಿಡುವ ಮೊದಲು ಈ ಕೆಲಸ ಆಗಬೇಕು. ಮುಂದಿನ ಮಳೆಗಾಲಗಳಲ್ಲಿ ಹಕ್ಕಿ ಕೂರುವ ಮರದ ಬುಡ ನೋಡಿ ಸಸಿ ಕೀಳಬೇಕು. ಬರಿದಾದ ಜಾಗಕ್ಕೆ ನಮ್ಮದೇ ಹುಲ್ಲು ಹತ್ತಿಸಬೇಕು, ಇಲ್ಲವಾದರೆ ಆ ಜಾಗಕ್ಕೆ ಯುಪಟೋರಿಯಂ ಬರುತ್ತದೆ. ಅದೂ ಕಲ್ಕತ್ತಾ ತೋಟಕ್ಕೆ 1840ರ ದಶಕದಲ್ಲಿ ಅಂದಕ್ಕೆಂದೇ ಬಂದ ಗಿಡ!

ಕಡಿದ ಕಾಂಡಕ್ಕೆ ಬೆಲೆ ಇಲ್ಲವೆಂದಲ್ಲ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದನ್ನು ಬೇಯಿಸಿ, ಸಿಪ್ಪೆ ಸುಲಿದು ಬೆತ್ತದಂತೆ ಬಗ್ಗಿಸಿ ಕುರ್ಚಿ, ಬುಟ್ಟಿ ಮಾಡಲು ಕಲಿತಿದ್ದಾರೆ. ನೀಲಗಿರಿಯ ಗೂಡಲೂರಿನ ಬುಡಕಟ್ಟು ಜನ ಲಂಟಾನದಿಂದ ಕಟ್ಟಿದ ನಿಜ ಅಳತೆಯ ಆನೆಗಳು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ನಿಂತಿದ್ದವು. ಉದ್ಯಾನದಿಂದ ಹೊರಟ ಗಿಡ ಆನೆಯ ರೂಪದಲ್ಲಿ ಉದ್ಯಾನಕ್ಕೇ ವಾಪಸಾಯಿತು. ಒಳ್ಳೆಯ ಕೆಲಸ, ಆದರೆ ಎಷ್ಟು ಕುರ್ಚಿ ಮಾಡಿದರೂ ಗುಡ್ಡ ಖಾಲಿಯಾಗುವುದಿಲ್ಲ.

ಇಷ್ಟು ಹಳೆಯ ಕಥೆ ಈಗ ಏಕೆ ಎಂದರೆ, ನಮ್ಮ ಹೋಬಳಿಯಲ್ಲಿ ಈಗ ಹೋಂಸ್ಟೇಗಳ ಕಾಲ. ಗೇಟಿನಿಂದ ಕೋಣೆಯವರೆಗೆ ಫೋಟೋಗೆ ಚೆಂದ ಕಾಣುವ ಗಿಡ ಬೇಕು. ನರ್ಸರಿಗಳಲ್ಲಿ ಈಗ ಹುಲ್ಲೂ ಅಲಂಕಾರದ ಸಾಮಾನು. ಕುಚ್ಚಿನಂಥ ತೆನೆಯ ಫೌಂಟೆನ್ ಗ್ರಾಸ್, ಬಿಳಿ ಚಾಮರದಂಥ ಪಂಪಾಸ್ ಗ್ರಾಸ್ ಹೆಸರು ಕೇಳಿರಬಹುದು. ಮೊದಲನೆಯದು ಆಫ್ರಿಕಾ, ಅರಬ್ ಸೀಮೆಯ ಹುಲ್ಲು. ಹವಾಯಿಯಲ್ಲಿ ತೋಟದಿಂದ ತಪ್ಪಿಸಿಕೊಂಡು ಒಣ ಗುಡ್ಡಗಳಿಗೆ ಹಬ್ಬಿ, ಬೇಸಿಗೆಯಲ್ಲಿ ಬೆಂಕಿಗೆ ಸೌದೆಯಾಗಿದೆ. ಸುಟ್ಟ ಮೇಲೆ ಮೊದಲು ಚಿಗುರುವುದೂ ಅದೇ. 2017ರಲ್ಲಿ ಯುರೋಪಿಯನ್ ಒಕ್ಕೂಟ ಅದನ್ನು ಮಾರಬಾರದ, ಬೆಳೆಸಬಾರದ ಗಿಡಗಳ ಪಟ್ಟಿಗೆ ಸೇರಿಸಿತು. ಪಂಪಾಸ್ ದಕ್ಷಿಣ ಅಮೆರಿಕದ್ದು. ಒಂದೇ ತೆನೆಯಲ್ಲಿ ಲಕ್ಷದಷ್ಟು ಬೀಜ, ಅದೂ ಗಾಳಿಗೆ ಹಾರುವಂಥದ್ದು. ಕ್ಯಾಲಿಫೋರ್ನಿಯಾ, ನ್ಯೂಜಿಲೆಂಡ್ ಎರಡೂ ಕಡೆ ಅದು ಕಳೆ. ಲಂಟಾನಕ್ಕೆ ಹಕ್ಕಿಯಾದರೂ ಬೇಕಿತ್ತು.

ನೆಲಕ್ಕೆ ಹಾಸುವ ಹಳದಿ ಹೂವಿನ ವೆಡೀಲಿಯ ಬಳ್ಳಿ ಜಗತ್ತಿನ ನೂರು ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಲಂಟಾನದ ಜೊತೆಗೇ ಇದೆ. ನಮ್ಮಲ್ಲಿ ಅದನ್ನು ಬಾಗಿಲ ಮುಂದೆ ನೆಡುತ್ತೇವೆ. ವಯನಾಡು, ಬಂಡೀಪುರದ ಕಡೆ ನೆರಳಿಗೂ ಅಂದಕ್ಕೂ ಎಂದು ನೆಟ್ಟ ಹಳದಿ ಹೂವಿನ ಸೆನ್ನಾ ಮರ ಈಗ ಕಾಡೊಳಗೆ ನುಗ್ಗಿ, ತೆಗೆಯಲು ಅರಣ್ಯ ಇಲಾಖೆ ಬೆವರು ಹರಿಸುತ್ತಿದೆ. ನೀಲಗಿರಿಯ ತುದಿಯ ಹುಲ್ಲುಗಾವಲುಗಳನ್ನು ಬ್ರಿಟಿಷರು ಊರಿನ ನೆನಪಿಗೆ ತಂದ ಗಾರ್ಸ್, ಬ್ರೂಮ್ ಎಂಬ ಹಳದಿ ಹೂವಿನ ಪೊದೆಗಳು ಮುಚ್ಚಿವೆ. ಅವೂ ನಮ್ಮ ಪಾಂಡವರ ಗುಡ್ಡದ ಹಾಗೆಯೇ ಬೋಳು ಹುಲ್ಲುಗುಡ್ಡಗಳು.

ಹೋಂಸ್ಟೇ ಮಾಡಿರುವ ಗೆಳೆಯರಿಗೆ ನಾವು ಕೇಳಿಕೊಳ್ಳುವುದು ಇಷ್ಟೇ. ನರ್ಸರಿಯ ಗಾಡಿ ಬಂದಾಗ ಗಿಡದ ಬೆಲೆ ಕೇಳುವ ಮುಂಚೆ ಹೆಸರು ಕೇಳಿ, ಮೊಬೈಲಿನಲ್ಲಿ ಆ ಹೆಸರಿನ ಮುಂದೆ ಕಳೆ ಎಂದು ಸೇರಿಸಿ ಹುಡುಕಿ. ದನ ತಿನ್ನುವುದಿಲ್ಲ, ನೀರು ಬೇಡ, ಆರೈಕೆ ಬೇಡ, ತನ್ನಷ್ಟಕ್ಕೇ ಹಬ್ಬುತ್ತದೆ ಎಂದು ಮಾರುವವರು ಹೊಗಳಿದರೆ ಎರಡು ಬಾರಿ ಹುಡುಕಿ. ಗೇಟಿಗೆ ನೆಡಲು ನಮ್ಮಲ್ಲಿ ಕೇಪಳ ಇದೆ, ನಂದಿಬಟ್ಟಲು ಇದೆ. ಕೇಪಳದ ಹಣ್ಣನ್ನು ಪಿಕಳಾರವೂ ತಿನ್ನುತ್ತದೆ.